ಅಂಚಿನಲ್ಲಿ ಜಾಗ

ಚೌಕಿಪೇಟೆಯ ನನ್ನ ಅಂಗಡಿ ನಾಲ್ಕು ಮೊಳ.
ಒಬ್ಬರು ಕೂತರೆ ಇನ್ನೊಬ್ಬರು ಮೆಟ್ಟಿಲ ಮೇಲೆ.
ಬರುವುದೆಲ್ಲ ಸವೆದ ಕಾಲುಂಗುರ,
ಕೊಂಡಿ ಬಿಟ್ಟ ಕರಡಿಗೆ,
ಮಾರಲೋ ಬೇಡವೋ ಎಂದು
ಸೆರಗಿನ ಗಂಟಿನಲ್ಲೇ ಉಳಿದ ಮೂಗುಬೊಟ್ಟು.

ಅವತ್ತು ಮಂಗಳವಾರ. ಬೋಣಿಯಾಗಿರಲಿಲ್ಲ.
ಜಗಳೂರು ಕಡೆಯವರು, ತಿಪ್ಪೇರುದ್ರಪ್ಪ ಅಂತ,
ಬಂದು ನೆಟ್ಟಗೆ ಕೂತರು, ಗೋಡೆಗೆ ಒರಗಲಿಲ್ಲ.
ಜೇಬಿನಿಂದ ಕರ್ಚೀಫು, ಕರ್ಚೀಫಿನಿಂದ
ಒಂದು ಬಿಳಿ ಬಿಲ್ಲೆ.
ಅದರ ಮೇಲೆ ತುದಿ ಮೇಲೆತ್ತಿ ನಿಂತ ಬಯೊನೆಟ್ಟು.
ಕೆಂಪು ರಿಬ್ಬನ್ನು, ನಡುವೆ ಒಂದೇ ಒಂದು ಬಿಳಿ ಗೆರೆ
ಬೈತಲೆಯಂತೆ.

ನನ್ನ ಕೈ ತಾನಾಗಿ ಒರೆಗಲ್ಲಿನ ಕಡೆ ಹೋಯಿತು.
ನಲವತ್ತು ವರ್ಷದ ಚಾಳಿ. ನಾಚಿಕೆಯಾಯಿತು.
"ಉಜ್ಜಿ ನೋಡ್ರಿ ಬೇಕಾರೆ," ಅಂದರು ಅವರೇ,
"ಎಷ್ಟು ಬೆಳ್ಳಿ ಐತಿ ಅಂತ ನನಗೂ ಗೊತ್ತಿಲ್ಲ."

ಮಾರೋದಲ್ಲ. ಅಡವಲ್ಲ. ಹೊಳಪು ಹಾಕೋದೂ ಬೇಡ.
"ಅಂಚಿನಾಗ ಜಾಗ ಐತೇನು, ನೋಡ್ರಿ."

ಭೂತಗನ್ನಡಿ ಹಿಡಿದು ಬಿಲ್ಲೆ ತಿರುಗಿಸಿದೆ.
ಸುತ್ತಲೂ ಇಂಗ್ಲಿಷಿನಲ್ಲಿ ನಂಬರು, ಹುದ್ದೆ, ಹೆಸರು.
ಹೆಸರು ಮುಗಿದು ನಂಬರು ಮತ್ತೆ ಶುರುವಾಗುವ ಮುನ್ನ
ಎರಡು ಗುಲಗಂಜಿಯಷ್ಟು ಅಗಲ, ಖಾಲಿ.
"ಐತಿ," ಅಂದೆ. "ಯಾರ ಹೆಸರು?"

ಅವರು ಹೇಳಿದ್ದು ಕತೆಯಲ್ಲ, ಲೆಕ್ಕ.
ಹಿಮದ ಮೇಲೊಂದು ಠಾಣ್ಯ. ಶೆಲ್ಲು ಬಿದ್ದು
ಬಂಕರು ಕುಸಿದ ರಾತ್ರಿ. ಒಳಗೆ ಏಳು ಜನ.
"ನಾನು ಮೂರು ಸಲ ಒಳಗ ಹೋದೆ. ಮೂರು ಜನ ಬಂದ್ರು.
ಕಾಗದದಾಗೂ ಮೂರು ಅಂತಾನೇ ಬರದಾರೆ, ಸುಳ್ಳಲ್ಲ.
ಆತ ನಾಕು ಸಲ ಹೋದ."

ಆತ ಸಿಪಾಯಿಯಲ್ಲ, ಸೀಮೆಎಣ್ಣೆ ಹೊರುವ ಆಳು.
ದಿನಗೂಲಿ. ಬೆನ್ನಿಗೆ ಇಪ್ಪತ್ತು ಲೀಟರಿನ ಡಬ್ಬಿ,
ಕಾಲಿಗೆ ಯಾರೋ ಬಿಟ್ಟುಹೋದ ಬೂಟು,
ಎರಡೂ ಎಡಗಾಲಿನವು.
ಇಳಿಯಲು ಹೊತ್ತಾಯಿತೆಂದು ಆ ರಾತ್ರಿ ಉಳಿದಿದ್ದ, ಅಷ್ಟೆ.
ಆರು ಜನ ಹೊರಗೆ ಬಂದರು.
ಏಳನೆಯವನೂ, ಅವನನ್ನು ತರಲು ಹೋದ ಈತನೂ
ಎಂದು ಶುರುಮಾಡಿದವರು ಅಲ್ಲಿಗೇ ನಿಲ್ಲಿಸಿ
ಚಹಾದ ಲೋಟವನ್ನು ಹಲಗೆಯ ಅಂಚಿಗೆ
ಸರಿಯಾಗಿ ಜೋಡಿಸಿಟ್ಟರು.

ನಾನು ಚಾಣ ಹುಡುಕಿದೆ, ತೀರಾ ಸಣ್ಣದು,
ಕೂಸಿನ ಬಳೆಯ ಮೇಲೆ ಹೆಸರು ಕೊರೆಯುವಂಥದು.
ಅರಗು ಕಾಯಿಸಿ ಬಿಲ್ಲೆಯನ್ನು ಅದರಲ್ಲಿ ನಿಲ್ಲಿಸಿದೆ.
"ಹೇಳ್ರಿ, ಹೆಸರು."

ಹೊರಗೆ ಪಾತ್ರೆ ಮಾರುವ ಗಾಡಿ ಒಂದು
ಬೀದಿಯುದ್ದಕ್ಕೂ ಗಲಗಲ ಎನ್ನುತ್ತ ಹೋಯಿತು.

"ಅದೇ ಗೊತ್ತಿಲ್ರಿ.
ಏ ಪೋರ್ಟರ್ ಅಂತಿದ್ವಿ.
ಗುತ್ತಿಗೆದಾರನ ಪುಸ್ತಕದಾಗ ಬರೀ ಹೆಬ್ಬೆಟ್ಟು.
ಒಂದು ಸಲ ಕೇಳಿದ್ದೆ. ಗಾಳಿ ಇತ್ತು. ಏನೋ ಅಂದ.
ನಡುವೆ ಎಲ್ಲೋ ಒಂದು ಮೂಗಿನ ಸದ್ದು, ಅಷ್ಟು ನೆನಪೈತಿ.
ಮತ್ತೆ ಕೇಳಿದ್ರ ಚಂದಲ್ಲ ಅಂತ
ತಿಳಿದೋರಂಗ ತಲೆ ಆಡಿಸಿಬಿಟ್ಟೆ."

ಆ ತಲೆ ಈಗಲೂ ಸಣ್ಣಗೆ ಆಡುತ್ತಿತ್ತು.

ಅರಗು ಆರಿದರೆ ಮತ್ತೆ ಕಾಯಿಸಬೇಕು.
ಚಾಣ ಹಿಡಿದು ಕೂತವನಿಗೆ ನಮ್ಮಪ್ಪ ನೆನಪಾದ,
ಮೌನಾಚಾರ್, ಮರಳಲ್ಲಿ ನನ್ನ ಬೆರಳು ಹಿಡಿದು
ತಿದ್ದಿಸುತ್ತ ಹೇಳಿದ್ದು:
ಸೊನ್ನೆಗೆ ತನ್ನದೇ ಸದ್ದಿಲ್ಲ ಮಗಾ,
ಮುಂದೆ ಯಾವ ಅಕ್ಷರ ಬರುತ್ತೋ ಅದರದೇ ಸದ್ದು.
ಅಂಗಳದಲ್ಲಿ ಒಂದು, ತಂದೆಯಲ್ಲಿ ಒಂದು,
ಕಂಬದಲ್ಲಿ ತುಟಿ ಮುಚ್ಚಿಕೊಂಡು ಮತ್ತೊಂದು.
ಮುಂದೆ ಏನೂ ಬರದಿದ್ದರೆ?
ಅಂತ ಅವತ್ತು ನಾನು ಕೇಳಿರಲಿಲ್ಲ.

ಕೊರೆದೆ. ಒಂದು ಸೊನ್ನೆ.
ಎಳ್ಳಿಗಿಂತ ಸಣ್ಣದು.
ಅದರ ಹಿಂದೆ ಖಾಲಿ, ಮುಂದೆ ಖಾಲಿ.

ಅಂಟುವಾಳದ ನೀರಲ್ಲಿ ಅರಗಿನ ಕಲೆ ತೊಳೆದು ಕೊಟ್ಟಾಗ
ಅವರು ಕಣ್ಣು ಮುಚ್ಚಿ, ಹೆಬ್ಬೆಟ್ಟಿನಿಂದ
ಅಂಚು ಸವರುತ್ತ ಹೋದರು,
ತಮ್ಮ ನಂಬರು, ತಮ್ಮ ಹುದ್ದೆ, ತಮ್ಮ ಹೆಸರು ದಾಟಿ
ಒಂದು ಕಡೆ ಬೆರಳು ನಿಂತಿತು.

"ಮ್," ಅಂದರು.
ಒಪ್ಪಿಗೆಯೋ, ಆ ಹೆಸರಿನ ನಡುವಿನ ಸದ್ದೋ,
ನನಗೆ ತಿಳಿಯಲಿಲ್ಲ.

"ಎಷ್ಟಾತು?"
ಬೇಡ ಅನ್ನುವ ಮಾತು ಬಾಯಿಗೆ ಬಂದಿತ್ತು.
ಕೂಲಿ ಕೊಡದೆ ಹೋದರೆ ಇನ್ನೊಂದು ಹೆಸರಿಲ್ಲದ
ಲೆಕ್ಕ ಅವರ ತಲೆಯ ಮೇಲೆ.
"ಇಪ್ಪತ್ತು ರೂಪಾಯಿ," ಅಂದೆ.

ಬೋಣಿ.
ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕಿದೆ.